ಮೂರನೇ ಡಬ್ಬಿ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಒಂದೂವರೆಗೆ ಊಟದ ಡಬ್ಬಿಗಳು ಬಿಚ್ಚಿಕೊಳ್ಳುತ್ತವೆ. ಯಾರ ಡಬ್ಬಿಯಲ್ಲಿ ಏನಿದೆ ಎಂದು ಇಣುಕುವುದು ನಮ್ಮಲ್ಲಿ ಹಕ್ಕೇ ಹೊರತು ತಪ್ಪಲ್ಲ. ಕಂಪ್ಯೂಟರ್ ಲ್ಯಾಬಿನ ಮೇಡಂ ಅವರದು ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್. ಕೆಳಗಿನ ಡಬ್ಬಿಯಲ್ಲಿ ಮುದ್ದೆಯೋ ಅನ್ನವೋ ಇರುತ್ತಿತ್ತು. ನಡುವಿನದರಲ್ಲಿ ಸಾರು. ಮೇಲಿನದರಲ್ಲಿ ಒಗೆದು ಮಡಿಸಿದ ಚಿಕ್ಕ ಟವೆಲ್ಲಿನಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್. ಹೊಸದಾಗಿ ಸೇರಿದ ಮೇಷ್ಟರೊಬ್ಬರು ಹಪ್ಪಳ ಇರಬಹುದೆಂಬ ಆಸೆಯಿಂದ ಮೇಲಿನ ಮುಚ್ಚಳ ತೆಗೆದು ಪೆಚ್ಚಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಅದು ತಿನ್ನೋಕಲ್ಲ ಸಾರ್, ಉಳಿಸ್ಕೊಳ್ಳೋಕೆ" ಎಂದು ಮೇಡಂ ಮುಚ್ಚಳ ವಾಪಸ್ ಒತ್ತಿದ್ದರು.

ಕ್ಯಾರಿಯರ್‌ಗೆ ಕಾರಣ ಇತ್ತು. ತಮ್ಮ ಊರು ಕೋಗಿಲಿನಿಂದ ಯಲಹಂಕದ ನಮ್ಮ ಕಾಲೇಜಿಗೆ ಅವರು ಬರುತ್ತಿದ್ದದ್ದು ಸಿಟಿ ಬಸ್ಸಿನಲ್ಲಿ. ಒಮ್ಮೆ ರಶ್ಶಿನಲ್ಲಿ ಯಾರೋ ಅವರ ಕೈಚೀಲಕ್ಕೆ ಬ್ಲೇಡು ಹಾಕಿದ್ದರಂತೆ. "ಬ್ಯಾಗ್ ಕುಯ್ತಾರೆ, ಮೊಬೈಲ್ ಎಗರಿಸ್ತಾರೆ. ಊಟದ ಕ್ಯಾರಿಯರ್ ಕದ್ದೋರ್ನ ಎಲ್ಲಾದ್ರೂ ನೋಡಿದೀರಾ ಸಾರ್?" ಎಂದು ನನ್ನನ್ನೇ ಕೇಳಿದರು. ನಾನು ನೋಡಿರಲಿಲ್ಲ.

ಮೇಡಂ ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರ ಬಗ್ಗೆ ಮಾತಾಡುವ ಕೆಲಸ ನನಗೆ ಬಿತ್ತು. ನಾನು ಕನ್ನಡ ಮೇಷ್ಟ್ರು. ಮೈಕು ಸಿಕ್ಕರೆ ಯಾವ ವಿಷಯದ ಮೇಲಾದರೂ ಮುಕ್ಕಾಲು ಗಂಟೆ ಎಳೆಯಬಲ್ಲೆ. ಆವತ್ತು ನಾಲ್ಕು ವಾಕ್ಯ ಹೇಳಿ ಕೂತುಬಿಟ್ಟೆ. ಕಾರಣ ಏನೆಂದರೆ, ಹೇಳಬೇಕಾದ ಮುಖ್ಯ ಮಾತು ನನ್ನ ಮರ್ಯಾದೆ ಕಳೆಯುವಂಥದ್ದಾಗಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕುವಂತಿಲ್ಲ. "ಹೆಸ್ರು ಬರೀಬೇಡಿ ಸಾರ್, ಆಮೇಲೆ ಊರೆಲ್ಲ ಪೆನ್‌ಡ್ರೈವ್ ಹಿಡ್ಕೊಂಡು ಮನೆ ಹತ್ರ ಬರ್ತಾರೆ" ಎಂದು ಅಪ್ಪಣೆಯಾಗಿದೆ.

ಅವರ ಕೆಲಸದ ಕ್ರಮ ನೋಡಬೇಕಿತ್ತು. ಯಾರದೇ ಕಂಪ್ಯೂಟರ್ ಮುಟ್ಟುವ ಮೊದಲು ಬಲಗೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುವರು. ಹಳೆಯ ಪ್ರಶ್ನೆಪತ್ರಿಕೆಯ ಹಿಂಭಾಗದಲ್ಲಿ ಪೆನ್ಸಿಲಿನಿಂದ ಒಂದು, ಎರಡು, ಮೂರು ಎಂದು ಏನೇನು ಮಾಡಲಿದ್ದೇವೆ ಎಂಬುದನ್ನೆಲ್ಲ ಬರೆಯುವರು. ಆಮೇಲೆ ಕಂಪ್ಯೂಟರಿನ ಮಾಲೀಕರು ಆ ಚೀಟಿಯನ್ನು ಗಟ್ಟಿಯಾಗಿ ಓದಿ, ಕೆಳಗೆ ಸಹಿ ಹಾಕಬೇಕು. ಒಮ್ಮೆ ಪ್ರಿನ್ಸಿಪಾಲರು, "ಇದೇನಮ್ಮಾ, ಆಪರೇಷನ್ ಥಿಯೇಟರಾ? ಬೇಗ ಡಿಲೀಟ್ ಮಾಡಿ ಎದ್ದೇಳಿ" ಎಂದು ಗದರಿದರು. ಮೇಡಂ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಹಂಗಾದ್ರೆ ನೀವೇ ಒತ್ತಿ ಸಾರ್. ನಾನು ಪಕ್ಕದಲ್ಲಿ ನಿಂತಿರ್ತೀನಿ." ಪ್ರಿನ್ಸಿಪಾಲರು ಗುಂಡಿಯನ್ನು ನೋಡಿದರು, ಮೇಡಂ ಮುಖ ನೋಡಿದರು, ಚೀಟಿ ಕೇಳಿ ಪಡೆದು ಗಟ್ಟಿಯಾಗಿ ಓದಿದರು.

ಯಾರಾದರೂ "ಬ್ಯಾಕಪ್ ಇದೆ ಮೇಡಂ" ಎಂದರೆ ಅವರ ಬಾಯಿಂದ ಎರಡೇ ಪದ ಬರುತ್ತಿದ್ದವು: "ತೆಗೆದು ತೋರ್ಸಿ." ಮೂರನೇ ಡಬ್ಬಿಯ ಡಿಸ್ಕಿಗೂ ಅದೇ ಕಟ್ಟುನಿಟ್ಟು. ಕೆಲಸಕ್ಕೆ ಮುಂಚೆ ನಮ್ಮದೆಲ್ಲ ಅದರೊಳಗೆ ಹೋಗಬೇಕು. ಕೆಲಸ ಮುಗಿದ ಮೇಲೆ, ಸಂಜೆ ಬಸ್ಸು ಹತ್ತುವ ಮುಂಚೆ, ನಮ್ಮ ಎದುರೇ ಅದನ್ನು ಪೂರ್ತಿ ಅಳಿಸಬೇಕು. ಇದಕ್ಕೆ ಅವರು ಡಬ್ಬಿ ತೊಳೆಯೋದು ಎನ್ನುತ್ತಿದ್ದರು. ಪರರ ವಸ್ತು ತಮ್ಮ ಮನೆಗೆ ಹೋಗಬಾರದು ಎಂಬುದು ಅವರ ನಿಯಮ.

ಇದನ್ನೆಲ್ಲ ಅವರಿಗೆ ಯಾರೂ ಕಲಿಸಿದ್ದಲ್ಲ. ಅವರು ನಮ್ಮಲ್ಲಿಗೆ ಬಂದದ್ದು ಟೈಪಿಸ್ಟಾಗಿ. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ, ಲ್ಯಾಬಿನ ಬೀಗದ ಕೈ ನೋಡಿಕೊಳ್ಳಲಿ ಎಂದು ಅವರನ್ನು ಅಲ್ಲಿಗೆ ಕಳಿಸಿದರು. ಅಷ್ಟರಲ್ಲಿ ಯಾವುದೋ ಕಂಪನಿಯವರು ತಮ್ಮ ಹಳೆಯ ಕಂಪ್ಯೂಟರುಗಳನ್ನು ಕಾಲೇಜಿಗೆ ದಾನ ಮಾಡಿದರು. ಒಳಗೆ ಏನೂ ಇಲ್ಲದ ಬರಿಯ ಪೆಟ್ಟಿಗೆಗಳು. ಮೇಡಂ ಪತ್ರಿಕೆಯೊಂದರ ಜೊತೆ ಬಂದಿದ್ದ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ಸಿ.ಡಿ.ಯನ್ನು ಹಾಕಿ, ಪಕ್ಕದಲ್ಲಿ ಇಂಗ್ಲಿಷ್ ಕನ್ನಡ ನಿಘಂಟು ಇಟ್ಟುಕೊಂಡು, ಒಂದೊಂದಾಗಿ ಅಷ್ಟನ್ನೂ ಎಬ್ಬಿಸಿ ಕೂರಿಸಿದರು. ಪದವಿ ಇದ್ದವರು ಕೈಕಟ್ಟಿ ನಿಂತು ನೋಡಿದೆವು.

ಈಗ ಮರ್ಯಾದೆ ಕಳೆಯುವ ಮಾತು. ಲ್ಯಾಬಿಗೆ ಬಂದ ಹೊಸದರಲ್ಲಿ ಮೇಡಂ ಒಂದು ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, "ಎಲ್ಡು ಆರ್ಡ್ ಡಿಸ್ಕು ಓಗವೆ ಸಾ" ಎಂದರು. ಕೋಗಿಲಿನ ಹಳೆಯ ಮನೆತನದವರು. ಅಲ್ಲಿಯ ಮಾತು ಹಾಗೆಯೇ. ಆ ಕೊಠಡಿಯಲ್ಲಿ ಒಬ್ಬ ಮಾತ್ರ ಕಿಸಕ್ಕನೆ ನಕ್ಕ. ನಕ್ಕವನು ನಾನು. ಮೇಡಂ ನನ್ನ ಕಡೆ ಒಂದು ಸಲ ನೋಡಿ ಕೂತರು. ಅಂದಿನಿಂದ ಕಾಲೇಜಿನೊಳಗೆ ಅವರ ಬಾಯಲ್ಲಿ ಒಂದೇ ಒಂದು ಹಕಾರವೂ ಜಾರಿದ್ದನ್ನು ಕೇಳಲಿಲ್ಲ. ಪೇಟೆಯವರ ಹಾಗೆ ತೂಕ ಮಾಡಿ ಮಾತಾಡತೊಡಗಿದರು.

ಅದೇ ನಾನು, ಏರ್‌ಪೋರ್ಟ್ ಬಂದು ನಮ್ಮ ಸುತ್ತಲಿನ ಹಳ್ಳಿಗಳೆಲ್ಲ ಲೇಔಟುಗಳಾಗುತ್ತಿದ್ದಾಗ, ಈ ಸೀಮೆಯ ಮಾತು ಅಳಿದುಹೋಗುತ್ತದೆ ಎಂಬ ಸಂಕಟದಲ್ಲಿ ಬಿದ್ದೆ. ಒಂದು ಚಿಕ್ಕ ರೆಕಾರ್ಡರ್ ಕೊಂಡು, ರಜೆಯ ದಿನಗಳಲ್ಲಿ ಸ್ಕೂಟರ್ ಹತ್ತಿ ಕೋಗಿಲು, ಅಮೃತಹಳ್ಳಿ, ಜಕ್ಕೂರು ಸುತ್ತಿದೆ. ಹಿರಿಯರನ್ನು ಜಗಲಿಯ ಮೇಲೆ ಕೂರಿಸಿ ದ್ರಾಕ್ಷಿ ತೋಟದ ಬಗ್ಗೆ, ಕೆರೆಯ ತೂಬಿನ ಬಗ್ಗೆ, ದನದ ಕಾಯಿಲೆಯ ಬಗ್ಗೆ ಮಾತಾಡಿಸಿ ಧ್ವನಿ ಹಿಡಿದುಕೊಂಡೆ. ನನ್ನ ಸ್ಟಾಫ್ ರೂಮಿನಲ್ಲೇ ನಗಾಡಿ ಓಡಿಸಿದ ಮಾತನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದೇನೆ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ. ಹೊಳೆಯದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹೀಗೆ ಕೆಲವು ವರ್ಷ ಕಳೆದು ಮುನ್ನೂರಕ್ಕೂ ಹೆಚ್ಚು ಧ್ವನಿಗಳಾದವು. ಎಲ್ಲವೂ ನಮ್ಮ ಕನ್ನಡ ವಿಭಾಗದ ಕಂಪ್ಯೂಟರಿನಲ್ಲಿದ್ದವು. ಅದರ ಡಿಸ್ಕನ್ನು ಯಾರೋ ಪುಣ್ಯಾತ್ಮರು, ಮನೆಯೊಳಗೆ ಗೋಡೆ ಹಾಕಿದ ಹಾಗೆ, ಮೊದಲೇ ತುಂಡು ತುಂಡು ಮಾಡಿದ್ದರು, ಪಾರ್ಟಿಷನ್ ಅಂತೆ. ಒಂದು ತುಂಡಿನಲ್ಲಿ ಲಿನಕ್ಸ್ ಇತ್ತು, ಅದರ ಪಕ್ಕದ ಚಿಕ್ಕ ತುಂಡು ನನ್ನದು, ಅದರಾಚೆಗೆ ಒಂದು ದೊಡ್ಡ ತುಂಡು ಸುಮ್ಮನೆ ಬಿದ್ದಿತ್ತು. ನನ್ನ ತುಂಡು ತುಂಬಿದಾಗ ಹೊಸ ಧ್ವನಿಗಳನ್ನು ದೊಡ್ಡದಕ್ಕೆ ಹಾಕತೊಡಗಿದೆ. ಅಷ್ಟು ಸಾಲದೆಂದು ಹಳೆಯವುಗಳಲ್ಲಿ ಕೆಲವನ್ನು ಜೋಪಾನಕ್ಕೆ ಅಲ್ಲಿಗೂ ನಕಲು ಮಾಡಿದ್ದೆ. ಯಾವುದು ಎಲ್ಲಿದೆ ಎಂದು ನನಗೇ ಗೊತ್ತಾಗದ ಸ್ಥಿತಿ ಬಂದಾಗ ಲ್ಯಾಬಿಗೆ ಹೋದೆ. ಎರಡು ತುಂಡನ್ನು ಸೇರಿಸಿ ಒಂದು ಮಾಡಿಕೊಡಿ, ಆದರೆ ಒಂದು ಧ್ವನಿಯೂ ಹೋಗಬಾರದು, ಇವರಲ್ಲಿ ಎಷ್ಟೋ ಜನ ಈಗ ಬದುಕಿಲ್ಲ, ಮತ್ತೆ ಹೋಗಿ ಹಿಡಿಯಲಾಗದು ಎಂದೆ.

"ಬ್ಯಾಕಪ್ ಇದ್ಯಾ ಸಾರ್?"

"ಇದೆ ಮೇಡಂ." ನಾನು ಹೆಮ್ಮೆಯಿಂದ ದೊಡ್ಡ ತುಂಡಿನ ಕಥೆ ಹೇಳಿದೆ.

"ಅಂದ್ರೆ ಅದೇ ಡಿಸ್ಕಲ್ಲಿ. ಮನೆ ಬೀಗದ ಕೈನೂ ಡೂಪ್ಲಿಕೇಟ್ ಬೀಗದ ಕೈನೂ ಒಂದೇ ಜೇಬಲ್ಲಿ ಇಟ್ಕೊಂಡು ಓಡಾಡ್ತಿದೀರ. ಜೇಬು ಹರಿದ್ರೆ?"

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಆ ಕಂಪ್ಯೂಟರನ್ನು ಲ್ಯಾಬಿಗೇ ತಂದು ಕೂತೆವು. ಮೇಡಂ ಚೀಟಿಯಲ್ಲಿ ನನ್ನ ಡಿಸ್ಕನ್ನು ಸಾಲುಮನೆಯ ಹಾಗೆ ಬರೆದರು. "ನೋಡಿ, ಅಕ್ಕಿ ಡಬ್ಬೀನೂ ರಾಗಿ ಡಬ್ಬೀನೂ ತೆಗ್ದು ಒಂದು ದೊಡ್ಡ ಡಬ್ಬಿ ಮಾಡ್ಬೇಕು ಅಂದ್ರೆ, ಅಲ್ಲೀ ತನಕ ಕಾಳು ಸುರಿಯೋಕೆ ಮೂರನೇ ಡಬ್ಬಿ ಬೇಕು. ಅದಿಲ್ದೆ ಕೈ ಹಾಕೋರು ಧೈರ್ಯವಂತರಲ್ಲ ಸಾರ್, ಅವ್ರಿಗೆ ಕಳ್ಕೊಳ್ಳೋಕೆ ಏನೂ ಇರಲ್ಲ ಅಷ್ಟೆ." ದೊಡ್ಡ ತುಂಡು ನನ್ನ ತುಂಡಿನ ಬಲಕ್ಕೇ ಇದ್ದದ್ದು ಅದೃಷ್ಟವಂತೆ. ಗೋಡೆ ಒಡೆದು ಬಲಕ್ಕೆ ಚಾಚಿದರೆ ಆಯಿತು. ಎಡಕ್ಕಿದ್ದಿದ್ದರೆ ಒಳಗಿನ ಸಾಮಾನನ್ನೆಲ್ಲ ಒಂದೊಂದಾಗಿ ಎಳೆದಿಡಬೇಕಿತ್ತಂತೆ.

ಚೀಟಿ ಓದಿ ಸಹಿ ಹಾಕಿದೆ. ಟವೆಲ್ ಬಿಚ್ಚಿ ಡಿಸ್ಕ್ ಹೊರಗೆ ಬಂತು. ಎರಡೂ ತುಂಡುಗಳಲ್ಲಿದ್ದದ್ದು ಬೇರೆ ಬೇರೆ ಫೋಲ್ಡರಾಗಿ ಅದರೊಳಗೆ ಇಳಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಅವರೆಕಾಯಿ ಕಾಲ. ಮೇಡಂ ನಡುವಿನ ಡಬ್ಬಿಯಿಂದ ಹಿತಕಿದ ಬೇಳೆ ಸಾರನ್ನು ನನ್ನ ಚಪಾತಿಯ ಮೇಲೆ ಸುರಿದರು. ಊಟವಾದ ಮೇಲೆ ಆ ಡಿಸ್ಕನ್ನು ಪಕ್ಕದ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು ಧ್ವನಿಯನ್ನು ಕೇಳಿಸಲು ಹೇಳಿದರು. ಮೂರೂ ನುಡಿದವು. ಆಮೇಲೆ ಸಿ.ಡಿ. ಹಾಕಿ ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸಿದರು. ನಿಂತ ನೆಲವನ್ನು ನಾವೇ ಅಗೆಯಲಾಗದು, ಹೊರಗೆ ನಿಂತು ಅಗೆಯಬೇಕು ಎಂದು ವಿವರಣೆ.

ದೊಡ್ಡ ತುಂಡನ್ನು ಅಳಿಸುವ ಗುಂಡಿ ಬಂದಾಗ ಮೌಸನ್ನು ನನ್ನ ಕಡೆ ತಳ್ಳಿದರು. "ನಿಮ್ದು, ನೀವೇ ಒತ್ತಿ." ನನ್ನ ಬೆರಳು ಮೇಲೇಳಲಿಲ್ಲ. ಆ ಮುದುಕರ ಮುಖಗಳೆಲ್ಲ ಕಣ್ಣೆದುರು ಬಂದವು. ಮೇಡಂ ಪಕ್ಕದ ಡಿಸ್ಕನ್ನು ಕಣ್ಣಲ್ಲೇ ತೋರಿಸಿದರು. ಒತ್ತಿದೆ. ದೊಡ್ಡ ತುಂಡು ಇದ್ದ ಜಾಗ ಪರದೆಯ ಮೇಲೆ ಬೂದಿಬಣ್ಣಕ್ಕೆ ತಿರುಗಿತು. ನನ್ನ ತುಂಡನ್ನು ಅದರೊಳಕ್ಕೆ ಚಾಚುವ ಕೆಲಸ ಶುರುವಾಯಿತೋ ಇಲ್ಲವೋ, ಕರೆಂಟು ಹೋಯಿತು. ಯು.ಪಿ.ಎಸ್. ಕುಂಯ್‌ಗುಟ್ಟತೊಡಗಿತು. ನಾನು ಎದ್ದು ನಿಂತೆ, ಎದ್ದು ನಿಂತರೆ ಕರೆಂಟು ಬರುತ್ತದೆ ಎನ್ನುವ ಹಾಗೆ.

"ಕೂತ್ಕೊಳ್ಳಿ ಸಾರ್. ಹೋದ್ರೆ ಡಬ್ಬೀಲಿದೆ. ಉಳಿದ್ರೆ ಇಲ್ಲಿದೆ" ಎಂದು ಮೇಡಂ ಕ್ಯಾರಿಯರಿನ ಕೆಳಗಿನ ಡಬ್ಬಿ ತೊಳೆಯಲು ಹೋದರು. ಅವರು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು, ಕರೆಂಟು ಇನ್ನೂ ಬಂದಿರಲಿಲ್ಲ.

ಕರೆಂಟು ಬಂದ ಮೇಲೆ ಸಿ.ಡಿ. ತೆಗೆದು ಕಂಪ್ಯೂಟರ್ ಹಚ್ಚಿದರೆ ಅದು ಅರ್ಧಕ್ಕೇ ನಿಂತುಬಿಟ್ಟಿತು. ನಾನು ಮತ್ತೆ ಎದ್ದು ನಿಂತೆ. ಮೇಡಂ ನಕ್ಕರು. ಶುರುವಾಗುವಾಗ ಯಾವ ಯಾವ ತುಂಡನ್ನು ಹುಡುಕಬೇಕೆಂಬ ಪಟ್ಟಿಯೊಂದು ಅದರೊಳಗೆ ಇರುತ್ತದಂತೆ. ಅಳಿಸಿದ ತುಂಡಿನ ವಿಳಾಸ ಅದರಲ್ಲಿ ಇನ್ನೂ ಉಳಿದಿತ್ತು. "ಮನೆ ಖಾಲಿ ಮಾಡಿದ್ದು ಪೋಸ್ಟ್‌ಮ್ಯಾನ್‌ಗೆ ಹೇಳಿಲ್ಲ ನಾವು, ಪಾಪ, ಹಳೇ ಬಾಗಿಲು ಹುಡುಕ್ತಾ ನಿಂತಿದಾನೆ" ಎಂದು ಒಂದು ಸಾಲು ಅಳಿಸಿದರು. ಕಂಪ್ಯೂಟರ್ ಎದ್ದು ಕೂತಿತು. ನನ್ನ ತುಂಡು ಮೂರು ಪಟ್ಟು ಅಗಲವಾಗಿತ್ತು, ಅದರೊಳಗಿದ್ದ ಧ್ವನಿಗಳು ಇದ್ದಲ್ಲೇ ಇದ್ದವು.

ಉಳಿದದ್ದು ಒಂದೇ ಕೆಲಸ: ಅಳಿಸಿದ ತುಂಡಿನಲ್ಲಿದ್ದವನ್ನು ಡಬ್ಬಿಯಿಂದ ವಾಪಸ್ ತಂದು ಹಳೆಯವುಗಳ ಜೊತೆ ಸೇರಿಸುವುದು. ಅಷ್ಟು ಹೊತ್ತಿಗೆ ನನಗೆ ಭಂಡ ಧೈರ್ಯ ಬಂದಿತ್ತು. ಮೌಸ್ ಹಿಡಿದು ನಾನೇ ಎಳೆದು ಹಾಕಿದೆ. 'ಕೋಗಿಲು 3' ಎಂಬ ಹೆಸರಿನದು ಇಲ್ಲಿ ಆಗಲೇ ಇದೆ, ಅದರ ಬದಲಿಗೆ ಇದನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿತು. ಜೋಪಾನಕ್ಕೆ ನಕಲು ಮಾಡಿದ್ದೆನಲ್ಲ, ಅದೇ ಇರಬೇಕು ಎಂದುಕೊಂಡು ಹೌದು ಒತ್ತಲು ಹೋದೆ. ಮೇಡಂ ನನ್ನ ಮಣಿಕಟ್ಟು ಹಿಡಿದುಬಿಟ್ಟರು.

"ಒಂದು ಹನ್ನೆರಡು ನಿಮಿಷ ಇದೆ, ಇನ್ನೊಂದು ನಲವತ್ತಿದೆ. ಎರಡೂ ಒಂದೇ ಹೆಂಗಾಗುತ್ತೆ ಸಾರ್?"

ಆಗ ನೆನಪಾಯಿತು. ದೊಡ್ಡ ತುಂಡಿಗೆ ಹೊಸದನ್ನು ಹಾಕತೊಡಗಿದಾಗ, ಹೊಸ ಜಾಗವಲ್ಲವೇ ಎಂದು, ಕೋಗಿಲು 1, ಕೋಗಿಲು 2 ಎಂದು ಮತ್ತೆ ಮೊದಲಿನಿಂದ ಹೆಸರಿಟ್ಟುಕೊಂಡು ಬಂದಿದ್ದೆ. ಮಕ್ಕಳಿಗೆ ಪರ್ಯಾಯ ಪದಗಳನ್ನು ಉರು ಹೊಡೆಸುವ ಕನ್ನಡ ಮೇಷ್ಟ್ರಿಗೆ ಎರಡನೇ ಹೆಸರು ತೋಚಿರಲಿಲ್ಲ. ಡಬ್ಬಿಯಲ್ಲಿ ಎರಡೂ ಭದ್ರವಾಗಿದ್ದವು, ನಿಜ. ಆದರೆ ಸಂಜೆ ಡಬ್ಬಿ ತೊಳೆದ ಮೇಲೆ ಹಳೆಯ ಕೋಗಿಲು 3 ಈ ಭೂಮಿಯ ಮೇಲೆ ಎಲ್ಲೂ ಇರುತ್ತಿರಲಿಲ್ಲ.

"ಇದು ನನ್ ಚೀಟೀಲಿ ಇರ್ಲಿಲ್ಲ. ನನ್ದೂ ತಪ್ಪಿದೆ" ಎಂದು ಮೇಡಂ ಪೆನ್ಸಿಲ್ ತೆಗೆದುಕೊಂಡು ಚೀಟಿಗೆ ಒಂದು ಸಾಲು ಸೇರಿಸಿದರು. "ಎರಡೂ ಕೇಳ್ಸಿ."

ಹೊಸದು ಕೆರೆಯ ತೂಬು ಎತ್ತುತ್ತಿದ್ದ ಯಜಮಾನರೊಬ್ಬರದು. ಹಳೆಯದನ್ನು ಹಚ್ಚಿದೆ. ಮೊದಲು ನನ್ನದೇ ದನಿ: "ಒಂದ್ನಿಮಿಷ ಅಜ್ಜಿ, ಫೋನ್ ಬಂತು, ಈಗ ಬಂದೆ." ಚಪ್ಪಲಿಯ ಸದ್ದು ದೂರವಾಯಿತು. ಆಮೇಲೆ ಒಬ್ಬ ಮುದುಕಿ ರೆಕಾರ್ಡರಿನ ಜೊತೆಗೇ ಮಾತಿಗೆ ಕೂತಿದ್ದರು.

"ನಿಮ್ ಸಾ ಆಚ್ಗೋದ್ರು, ನೀನಾರಾ ಕೇಳು. ನನ್ ತಂಗಿ ಮಗ್ಳು ಒಬ್ಳವ್ಳೆ, ಕಾಲೇಜ್ನಾಗೆ ಕೆಲ್ಸ. ಊಟುದ್ ಡಬ್ಬಿ ತುಂಬಾಕೋದ್ರೆ ಮ್ಯಾಲಿಂದು ಕಾಲಿ ಬುಡು ದೊಡ್ಡಮ್ಮ ಅಂತಾಳೆ. ಅದ್ರಾಗೆ ಕಬ್ಣುದ್ ತುಂಡು ಮಡೀಕಂಡು ಓಯ್ತಾಳೆ. ಯಾಕವ್ವಾ ಅಂದ್ರೆ, ಅದ್ರಾಗೆ ಊರೋರ್ದೆಲ್ಲಾ ತುಂಬಾಕೆ ಬೇಕು ಅಂತಾಳೆ. ಊರೋರ್ದೆಲ್ಲಾ ಒತ್ಕಂಡು ತಿರ್ಗಾಕೆ ಇವ್ಳೇನು ಅಮಲ್ದಾರಳಾ? ಒಂದು ಉಪ್ಪಿನ್ಕಾಯಾದ್ರೂ ಮಡಗ್ಬಾರ್ದಾ ಅದ್ರಾಗೆ?"

ಆ ಫೋನು ಮುಗಿಸಿ ಬಂದು ನಾನು ದ್ರಾಕ್ಷಿ ತೋಟದ ಮಾತೆತ್ತಿದ್ದೆ. ಕಾಲೇಜಿಗೆ ಬಂದು ಕಂಪ್ಯೂಟರಿಗೆ ಹಾಕಿಟ್ಟೆನೇ ಹೊರತು ಒಂದು ಸಲವೂ ಹಾಕಿ ಕೇಳಿರಲಿಲ್ಲ. ಕೂಡಿಡುವುದರಲ್ಲಿದ್ದ ಹುರುಪು ಕೇಳುವುದರಲ್ಲಿ ಇರಲಿಲ್ಲ.

ಮೇಡಂ ನಗತೊಡಗಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು, ಒರೆಸಿಕೊಂಡ ಮೇಲೂ ಕಣ್ಣು ತುಂಬುತ್ತಲೇ ಇತ್ತು. "ನಮ್ ದೊಡ್ಡಮ್ಮ ಸಾರ್. ಹೋಗಿ ಒಂದ್ ವರ್ಷ ಆಯ್ತು. ಮನೇಲಿ ಫೋಟೋ ಇದೆ. ಬೈಯೋದು ಇರ್ಲಿಲ್ಲ." ಇನ್ನೊಂದು ಸಲ ಹಚ್ಚಿಸಿಕೊಂಡು ಕೇಳಿದರು. ಅಮಲ್ದಾರಳ ಮಾತು ಬಂದಾಗ ಪರದೆಯ ಕಡೆ ಬಾಗಿ, "ಊ ಕಣ್ ದೊಡ್ಡಮ್ಮ, ಒತ್ಕಂಡೇ ಓಯ್ತೀನಿ, ಏನೀಗ?" ಎಂದರು. ನಾನೂ ನಕ್ಕೆ. ಈ ಸಲ ಅವರ ಜೊತೆ ನಕ್ಕದ್ದು.

"ಮೇಡಂ, ಆವತ್ತು ಮೀಟಿಂಗಲ್ಲಿ ನಾನು..." ಎಂದು ಶುರು ಮಾಡಿದೆ.

"ನೆನಪಿದೆ ಸಾರ್" ಎಂದರು, ಸಿಟ್ಟಿಲ್ಲದೆ. "ಈಗ ಇಂಥ ಜೋಡಿ ಇಪ್ಪತ್ತೇಳಿದೆ. ನೀವಿಟ್ಟ ಹೆಸ್ರು, ನೀವೇ ಬದಲಾಯ್ಸಿ. ಒಂದೊಂದೂ ಕೇಳಿ ಬದಲಾಯ್ಸಿ."

ಸಂಜೆ ಆರರವರೆಗೆ ಇಪ್ಪತ್ತೇಳು ಜೋಡಿಯ ಶುರುವನ್ನು ಕೇಳಿ, ಪ್ರತಿಯೊಂದಕ್ಕೂ ಆಡಿದವರ ಹೆಸರನ್ನೇ ಇಟ್ಟೆ. ಅಷ್ಟೂ ಧ್ವನಿಗಳು ಒಂದೇ ಕಡೆ ಸೇರಿದವು, ಒಂದೂ ಹೋಗಲಿಲ್ಲ. ಮೇಡಂ ಡಬ್ಬಿ ತೊಳೆಯುವ ಮುಂಚೆ ಒಂದು ಕ್ಷಣ ತಡೆದು, "ಸಾರ್, ದೊಡ್ಡಮ್ಮಂದು ಒಂದು ನನ್ ಹತ್ರ ಇರ್ಲಾ?" ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಯಾರಲ್ಲಾದರೂ ಏನನ್ನಾದರೂ ಕೇಳಿದ್ದು ನನಗೆ ಗೊತ್ತಿರುವಂತೆ ಅದೊಂದೇ.

ಆಮೇಲಿನ ವರ್ಷಗಳಲ್ಲಿ ಅವರ ಮುಂದೆ ರೆಕಾರ್ಡರ್ ಇಟ್ಟು, ನಿಮ್ಮ ಊರಿನ ಮಾತಿನಲ್ಲಿ ಏನಾದರೂ ಹೇಳಿ ಎಂದು ಎಷ್ಟೋ ಸಲ ಕೇಳಿದೆ. "ನನ್ದೇನಿದೆ ಸಾರ್ ಹೇಳೋಕೆ" ಎಂದು ತಪ್ಪಿಸಿಕೊಳ್ಳುತ್ತಿದ್ದರು. ನನಗೆ ಕಾರಣ ಗೊತ್ತಿತ್ತು, ಒತ್ತಾಯ ಮಾಡುವ ಮುಖ ಇರಲಿಲ್ಲ.

ಬೀಳ್ಕೊಡುಗೆಯ ದಿನ ಹಾರ, ಶಾಲು ಮುಗಿದ ಮೇಲೆ ಅವರು ಬೀಗದ ಕೈ ಒಪ್ಪಿಸಲು ಲ್ಯಾಬಿಗೆ ಹೋದರು. ನಾನೂ ಹಿಂದೆಯೇ ಹೋದೆ. ರೆಕಾರ್ಡರನ್ನು ಮೇಜಿನ ಮೇಲೆ ಇಟ್ಟೆ. ಮೇಡಂ ಅದನ್ನೇ ನೋಡುತ್ತ ಕೂತರು.

"ಎಲ್ಲಿಡ್ತೀರ ಇದನ್ನ?"

"ವಿಭಾಗದ ಕಂಪ್ಯೂಟರಲ್ಲಿ ಒಂದು. ಮನೆ ಕಂಪ್ಯೂಟರಲ್ಲಿ ಒಂದು."

"ಮೂರನೇದು?"

"ಇದೆ ಮೇಡಂ."

"ತೆಗೆದು ತೋರ್ಸಿ."

ನಾನು ಚೀಲದಿಂದ ನನ್ನ ಕ್ಯಾರಿಯರ್ ತೆಗೆದೆ. ಮೂರು ಅಂತಸ್ತಿನದು, ಆ ವಾರವೇ ಕೊಂಡದ್ದು. ಮೇಡಂ ಮೇಲಿನ ಮುಚ್ಚಳ ಎತ್ತಿದರು. ಡಿಸ್ಕ್ ಇತ್ತು. ಟವೆಲ್ ಮುಟ್ಟಿ, ಒದ್ದೆಯಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚಿದರು. ಬಲಗೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡರು.

"ಆನ್ ಆಗಿದ್ಯಾ?"

"ಆಗಿದೆ."

"ಅಂಗಾರೆ ಏಳ್ತೀನಿ, ಕೇಳಿ ಸಾ" ಎಂದರು. "ಮೊದ್ಲು ಆರ್ಡ್ ಡಿಸ್ಕಿಂದೇ ಏಳ್ತೀನಿ."